ಪೈಗೇಮ್: ಹೊಸ ಹಂತ ಲೋಡ್ ಆಗುವಾಗ ಪರದೆ ಕಲ್ಲಾಗಿ ಬಿಡುತ್ತದೆ, ಸ್ವಲ್ಪ ಸ್ವಲ್ಪವಾಗಿ ಲೋಡ್ ಮಾಡೋದು ಹೇಗೆ?

ಜಿಗಿಯುವಚುಕ್ಕಿ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಪೈಗೇಮ್‌ನಲ್ಲಿ (ಪೈಥಾನ್ ಭಾಷೆಯಲ್ಲಿ ಗೇಮ್ ಬರೆಯುವ ಲೈಬ್ರರಿ) ಒಂದು ಜಿಗಿದಾಟದ ಗೇಮ್ ಮಾಡುತ್ತಿದ್ದೇನೆ. ಆಡುವಾಗ ಏನೂ ತೊಂದರೆ ಇಲ್ಲ, ಸೆಕೆಂಡಿಗೆ 60 ಫ್ರೇಮ್ ಆರಾಮಾಗಿ ಬರುತ್ತದೆ. ತೊಂದರೆ ಇರೋದು ಹಂತ ಶುರುವಾಗುವಾಗ. ಸುಮಾರು ಐದಾರು ಸೆಕೆಂಡ್ ಎಲ್ಲ ನಿಂತು ಹೋಗುತ್ತದೆ. ಕಿಟಕಿ ಬೆಳ್ಳಗಾಗಿ, ಮೇಲೆ "ಪ್ರತಿಕ್ರಿಯಿಸುತ್ತಿಲ್ಲ" ಅಂತ ಬರುತ್ತದೆ. ನಿನ್ನೆ ಆಡಿ ನೋಡಿದ ಗೆಳೆಯ ಗೇಮ್ ಕೆಟ್ಟು ಹೋಯಿತು ಅಂದುಕೊಂಡು ಮುಚ್ಚೇಬಿಟ್ಟ.

ಲೋಡಿಂಗ್ ಪರದೆಗೆ ಅಂತ ನನ್ನ ತಂಗಿ ಒಂದು ಹಲ್ಲಿನ ಚಕ್ರ ಬರೆದು ಕೊಟ್ಟಿದ್ದಾಳೆ, ಹನ್ನೆರಡು ಫ್ರೇಮ್, ಒಂದೊಂದನ್ನೂ ಕೈಯಲ್ಲೇ ಬರೆದಿದ್ದು. ಅದು ಮೊದಲ ಫ್ರೇಮ್‌ನಲ್ಲೇ ನಿಂತಿರುತ್ತದೆ. ಇಲ್ಲಿಯವರೆಗೆ ಒಂದು ಸಲವೂ ತಿರುಗಿಲ್ಲ.

ಪ್ರತಿ ಫೈಲ್ ಲೋಡ್ ಆದ ಮೇಲೆ ಇವೆಂಟ್ ಪಂಪ್ (ಕೀಲಿ, ಮೌಸ್‌ನಂಥ ಇವೆಂಟ್‌ಗಳನ್ನು ಸಿಸ್ಟಮ್‌ನಿಂದ ತೆಗೆದುಕೊಳ್ಳುವ ಫಂಕ್ಷನ್) ಕರೆದು ನೋಡಿದೆ. ಕಿಟಕಿ ಬೆಳ್ಳಗಾಗೋದು ನಿಂತಿತು, ಆದರೆ ಚಕ್ರ ತಿರುಗಲಿಲ್ಲ. ಆಮೇಲೆ ಎಲ್ಲವನ್ನೂ ಥ್ರೆಡ್‌ಗೆ (ಮುಖ್ಯ ಲೂಪ್ ಜೊತೆಜೊತೆಗೇ ಓಡುವ ಇನ್ನೊಂದು ಎಳೆ) ಹಾಕಿದೆ. ಒಮ್ಮೊಮ್ಮೆ ಸರಿ ಹೋಗುತ್ತದೆ, ಒಮ್ಮೊಮ್ಮೆ ಒಂದು ಸೆಕೆಂಡ್ ಹಾಗೇ ನಿಲ್ಲುತ್ತದೆ, ಒಂದು ಸಲ ಗೇಮ್ ಬಿದ್ದೇ ಹೋಯಿತು. 240 ಚಿಕ್ಕ ಚಿತ್ರ, ಮೂರು ದೊಡ್ಡ ಹಿನ್ನೆಲೆ, ಹಾಡು, ಒಂದು ದೊಡ್ಡ ನಕ್ಷೆಯ ಜೇಸನ್ ಫೈಲ್ (ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಬಗೆ) ಇದೆ. ಸರಿಯಾದ ದಾರಿ ಯಾವುದು?

ನೇರನುಡಿ

ಥ್ರೆಡ್ಡೇ ದಾರಿ. ನೀವು ಅದನ್ನು ತಪ್ಪಾಗಿ ಹಾಕಿದ್ದೀರಿ ಅಷ್ಟೇ.

ಹಳೇಕೀಲಿ

ನೇರನುಡಿ ಅವರೇ, ಸ್ವಲ್ಪ ತಡೀರಿ. ಏನು ಎಷ್ಟು ಹೊತ್ತು ತಿನ್ನುತ್ತಿದೆ ಅಂತಲೇ ನಮಗಿನ್ನೂ ಗೊತ್ತಿಲ್ಲ.

ಚುಕ್ಕಿ ಅವರೇ, ಮೊದಲು ಒಂದು ವಿಷಯ. ಪರದೆ ನಿಲ್ಲೋದು ಲೋಡಿಂಗ್ ನಿಧಾನ ಅಂತಲ್ಲ. ನಿಮ್ಮ ಲೂಪ್‌ಗೆ ತಿರುಗಲು ಅವಕಾಶ ಸಿಗುತ್ತಿಲ್ಲ ಅಂತ. ಗೇಮ್ ಲೂಪ್ ಮಾಡೋ ಕೆಲಸ ಮೂರೇ: ಬಂದ ಇವೆಂಟ್‌ಗಳನ್ನು ತೆಗೆದುಕೊಳ್ಳೋದು, ಆಟವನ್ನು ಒಂದು ಹೆಜ್ಜೆ ಮುಂದೆ ತಳ್ಳೋದು, ಚಿತ್ರ ಬರೆಯೋದು. 60 ಫ್ರೇಮ್ ಬೇಕು ಅಂದರೆ ಈ ಮೂರೂ ಸೇರಿ 16.7 ಮಿಲಿಸೆಕೆಂಡ್‌ನಲ್ಲಿ ಮುಗಿಯಬೇಕು. ನಡುವೆ ಐದು ಸೆಕೆಂಡಿನ ಕೆಲಸ ಒಂದೇ ಉಸಿರಿಗೆ ಮಾಡಿದರೆ ಸುಮಾರು 300 ಫ್ರೇಮ್ ಬರೀಲೇ ಇಲ್ಲ ಅಂತಾಯಿತು. ಇವೆಂಟ್ ತೆಗೆದುಕೊಳ್ಳದಿದ್ದರೆ ಆಪರೇಟಿಂಗ್ ಸಿಸ್ಟಮ್ ಈ ಪ್ರೋಗ್ರಾಂ ಸತ್ತಿದೆ ಅಂತ ತೀರ್ಮಾನಿಸುತ್ತದೆ. ಪಂಪ್ ಕರೆದರೆ "ಬದುಕಿದ್ದೇನೆ" ಅಂತ ಹೇಳಿದ ಹಾಗೆ, ಅಷ್ಟೇ. ಚಕ್ರವನ್ನು ಅದು ಬರೆಯೋದಿಲ್ಲ. ಬರೆಯಬೇಕಾದವರು ನೀವು.

ಈಗ ಮಾಡಬೇಕಾದ್ದು: ಲೋಡ್ ಮಾಡುವ ಒಂದೊಂದು ಬಗೆಯ ಹಿಂದೆ ಮುಂದೆ ಪರ್ಫ್ ಕೌಂಟರ್ (ಪೈಥಾನ್‌ನ ಹೊತ್ತು ಅಳೆಯುವ ಫಂಕ್ಷನ್) ಹಾಕಿ, ವ್ಯತ್ಯಾಸ ಬರೆದುಕೊಂಡು ಇಲ್ಲಿ ಹಾಕಿ. ಊಹೆ ಬೇಡ. ಊಹೆ ಹತ್ತಕ್ಕೆ ಒಂಬತ್ತು ಸಲ ತಪ್ಪಾಗಿರುತ್ತದೆ.

ಮಿಂಚುಳ

ನಾನು ಹೊಸಬಳು, ತಪ್ಪಾದರೆ ತಿದ್ದಿ. ಟೈಮ್ ಮಾಡ್ಯೂಲ್‌ನ ಸಾದಾ ಟೈಮ್ ಬಳಸಿದರೆ ಸಾಕಲ್ವಾ? ಪರ್ಫ್ ಕೌಂಟರ್ ಯಾಕೆ?

ಹಳೇಕೀಲಿ

ಸಾದಾ ಟೈಮ್ ಅಂದರೆ ಗೋಡೆ ಗಡಿಯಾರ. ಸಿಸ್ಟಮ್ ನಡುವೆ ಗಡಿಯಾರ ಸರಿಪಡಿಸಿಕೊಂಡರೆ ಅದು ಹಿಂದೆ ಮುಂದೆ ಜಿಗಿಯಬಹುದು. ಪರ್ಫ್ ಕೌಂಟರ್ ಹಿಂದೆ ಹೋಗೋದಿಲ್ಲ, ಸಿಗುವುದರಲ್ಲಿ ಅತಿ ಸಣ್ಣ ಅಳತೆಯನ್ನೂ ಕೊಡುತ್ತದೆ. ಪೈಥಾನ್ 3.3ರಿಂದ ಇದೆ. ಇಂಥ ಕೆಲಸಕ್ಕೇ ಅದನ್ನು ಮಾಡಿರೋದು.

ಜಿಗಿಯುವಚುಕ್ಕಿ

ಅಳೆದೆ. ನಾನು ಅಂದುಕೊಂಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ!

240 ಚಿಕ್ಕ ಚಿತ್ರ ಎಲ್ಲ ಸೇರಿ ಅರ್ಧ ಸೆಕೆಂಡ್, ಅಂದರೆ ಒಂದಕ್ಕೆ 2 ಮಿಲಿಸೆಕೆಂಡ್. ಹಿನ್ನೆಲೆ ಚಿತ್ರ ಒಂದೊಂದಕ್ಕೆ 200 ಮಿಲಿಸೆಕೆಂಡ್, ಮೂರಕ್ಕೆ 0.6 ಸೆಕೆಂಡ್. ಹಾಡು 1.1 ಸೆಕೆಂಡ್. ಜೇಸನ್ ಓದೋದು 0.9. ಅದರಿಂದ ನಕ್ಷೆಯ ಚೌಕಗಳನ್ನು ಕಟ್ಟೋದು 1.4. ಇನ್ನೊಂದು ಕೇಳಿ, ಫಾಂಟ್ ಒಂದೇ 1 ಸೆಕೆಂಡ್! ಒಟ್ಟು ಐದೂವರೆ. ಇಷ್ಟು ದಿನ ಚಿಕ್ಕ ಚಿತ್ರಗಳದ್ದೇ ತಪ್ಪು ಅಂದುಕೊಂಡು ಅವನ್ನು ಕುಗ್ಗಿಸುತ್ತಾ ಕೂತಿದ್ದೆ.

ಬಣ್ಣದಡಬ್ಬಿ

ಫಾಂಟ್‌ಗೆ ಸಿಸ್‌ಫಾಂಟ್ ಬಳಸಿದ್ದೀರಿ ಅಲ್ವಾ? ಅದು ಮೊದಲ ಸಲ ಕರೆದಾಗ ಸಿಸ್ಟಮ್‌ನಲ್ಲಿರುವ ಫಾಂಟ್‌ಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುತ್ತದೆ. ಫಾಂಟ್ ಫೈಲನ್ನು ಗೇಮ್ ಜೊತೆಗೇ ಇಟ್ಟು, ಫೈಲ್ ಹೆಸರು ಕೊಟ್ಟೇ ಲೋಡ್ ಮಾಡಿ. ಆ ಒಂದು ಸೆಕೆಂಡ್ ಹೋಗೇ ಹೋಗುತ್ತದೆ. ಬೇರೆಯವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದೆ ಅಕ್ಷರ ಬದಲಾಗೋ ತೊಂದರೆಯೂ ತಪ್ಪುತ್ತದೆ.

ಗುಂಡಿಒತ್ತು

ಹಾಡನ್ನು ಮಿಕ್ಸರ್‌ನ (ಪೈಗೇಮ್‌ನ ಸದ್ದಿನ ಭಾಗ) ಸೌಂಡ್ ಆಗಿ ಲೋಡ್ ಮಾಡುತ್ತಿದ್ದೀರಾ? ಹಾಗಿದ್ದರೆ ಅದನ್ನೂ ಬಿಡಿ. ಸೌಂಡ್ ಅಂದರೆ ಇಡೀ ಹಾಡನ್ನು ಬಿಚ್ಚಿ ಮೆಮೊರಿಯಲ್ಲಿ ಹರಡಿ ಇಡುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 44,100 ಮಾದರಿ, ಎರಡು ಚಾನೆಲ್, ಒಂದೊಂದಕ್ಕೆ 2 ಬೈಟ್, ಅಂದರೆ ಸೆಕೆಂಡಿಗೆ 1,76,400 ಬೈಟ್. ಮೂರು ನಿಮಿಷದ ಹಾಡು 31 ಎಂಬಿ ದಾಟುತ್ತದೆ, ಫೈಲ್ 3 ಎಂಬಿ ಇದ್ದರೂ. ಮಿಕ್ಸರ್ ಮ್ಯೂಸಿಕ್ ಬಳಸಿದರೆ ಅದು ನುಡಿಸುತ್ತಾ ನುಡಿಸುತ್ತಾ ಬೇಕಾದಷ್ಟೇ ಓದಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಹಾಡು ಅನ್ನೋ ಮಿತಿ ಇದೆ, ಹಿನ್ನೆಲೆ ಸಂಗೀತಕ್ಕೆ ಅದು ಸಾಕು. ಜಿಗಿಯುವ ಸದ್ದು, ನಾಣ್ಯದ ಸದ್ದು ಇಂಥವು ಮಾತ್ರ ಸೌಂಡ್ ಆಗಿರಲಿ.

ಜಿಗಿಯುವಚುಕ್ಕಿ

ಎರಡೂ ಮಾಡಿದೆ. ಐದೂವರೆ ಇದ್ದದ್ದು ಮೂರೂವರೆ ಸೆಕೆಂಡಿಗೆ ಇಳಿಯಿತು. ಒಂದು ಸಾಲೂ ಹೊಸದಾಗಿ ಬರೀಲಿಲ್ಲ, ಇದ್ದದ್ದನ್ನು ಬದಲಿಸಿದ್ದಷ್ಟೇ. ತುಂಬಾ ಧನ್ಯವಾದ. ಆದರೆ ಚಕ್ರ ಇನ್ನೂ ತಿರುಗುತ್ತಿಲ್ಲ.

ಲೂಪಿನಾಚೆ

ಈಗ ಚಕ್ರದ ವಿಷಯ. ಇದಕ್ಕೆ ಪೈಥಾನ್‌ನಲ್ಲಿ ಜನರೇಟರ್‌ನಷ್ಟು (ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಫಂಕ್ಷನ್) ಹೇಳಿ ಮಾಡಿಸಿದ ವಸ್ತು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. 2001ರಲ್ಲಿ ಬಂದ ಪೈಥಾನ್ 2.2ರಿಂದಲೇ ಇದೆ, ಆದರೂ ಗೇಮ್ ಮಾಡುವವರು ಜಾಸ್ತಿ ಬಳಸೋದಿಲ್ಲ.

ನಿಮ್ಮ ಲೋಡ್ ಮಾಡುವ ಫಂಕ್ಷನ್ ಈಗ ಫೈಲ್‌ಗಳ ಪಟ್ಟಿಯ ಮೇಲೆ ಒಂದು ಫಾರ್ ಲೂಪ್ ಓಡಿಸುತ್ತಿದೆ. ಅದರೊಳಗೆ ಪ್ರತಿ ಫೈಲ್ ಆದ ಮೇಲೆ ಒಂದು ಯೀಲ್ಡ್ ಹಾಕಿ. ಅಷ್ಟು ಮಾಡಿದರೆ ಆ ಫಂಕ್ಷನ್ ಅಲ್ಲಿಗೆ ನಿಂತು, ತನ್ನ ಎಲ್ಲ ವೇರಿಯಬಲ್‌ಗಳನ್ನು ಹಾಗೇ ಹಿಡಿದುಕೊಂಡು, ನಿಮ್ಮ ಕೈಗೆ ಲೂಪನ್ನು ವಾಪಸ್ ಕೊಡುತ್ತದೆ. ಮುಂದಿನ ಫ್ರೇಮ್‌ನಲ್ಲಿ ನೆಕ್ಸ್ಟ್ ಕರೆದರೆ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಹೀಗೆ ಫ್ರೇಮ್‌ಗೆ ಒಂದು ಫೈಲ್ ಲೋಡ್ ಮಾಡಿ, ಚಕ್ರ ಬರೆದು, ಮುಂದೆ ಹೋಗುತ್ತಿರಿ. ಎಲ್ಲ ಮುಗಿದಾಗ ಸ್ಟಾಪ್ ಇಟರೇಷನ್ ಬರುತ್ತದೆ, ಆಗ ಆಟ ಶುರು ಮಾಡಿ.

ನೇರನುಡಿ

ಫ್ರೇಮ್‌ಗೆ ಒಂದು ಫೈಲ್ ಅಂದರೆ 240 ಫೈಲ್‌ಗೆ 240 ಫ್ರೇಮ್. 60 ಫ್ರೇಮ್ ಲೆಕ್ಕದಲ್ಲಿ ನಾಲ್ಕು ಸೆಕೆಂಡ್. ಅರ್ಧ ಸೆಕೆಂಡಿನ ಕೆಲಸವನ್ನು ನಾಲ್ಕು ಸೆಕೆಂಡ್ ಎಳೆಯುತ್ತೀರಾ? ಆಟಗಾರನ ಸಮಯ ಹಾಳು ಮಾಡಿದ ಹಾಗಾಯಿತು.

ಲೂಪಿನಾಚೆ

ಒಪ್ಪಿದೆ, ಅದು ತಪ್ಪು. ನಾನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಎಣಿಸಬೇಕಾದ್ದು ಫೈಲನ್ನಲ್ಲ, ಹೊತ್ತನ್ನು. ಫ್ರೇಮ್ ಶುರುವಿನಲ್ಲಿ ಪರ್ಫ್ ಕೌಂಟರ್ ನೋಡಿಕೊಳ್ಳಿ. 8 ಮಿಲಿಸೆಕೆಂಡ್ ಆಗುವವರೆಗೂ ನೆಕ್ಸ್ಟ್ ಕರೆಯುತ್ತಲೇ ಇರಿ. ಹೊತ್ತು ಮೀರಿತು ಅಂದ ತಕ್ಷಣ ಬಿಟ್ಟು, ಚಿತ್ರ ಬರೆಯಲು ಹೋಗಿ. ಆಗ 2 ಮಿಲಿಸೆಕೆಂಡಿನ ಫೈಲ್‌ಗಳು ಒಂದು ಫ್ರೇಮ್‌ನಲ್ಲಿ ನಾಲ್ಕು ಹೋಗುತ್ತವೆ. ವೇಗದ ಕಂಪ್ಯೂಟರ್‌ನಲ್ಲಿ ಹತ್ತು ಹೋಗುತ್ತವೆ. ನೀವು ಏನೂ ಬದಲಿಸಬೇಕಾಗಿಲ್ಲ.

ಇನ್ನೊಂದು. ಲೋಡಿಂಗ್ ಪರದೆಗೆ 60 ಫ್ರೇಮ್ ಯಾಕೆ ಬೇಕು? ಒಂದು ಚಕ್ರ ತಿರುಗೋದಕ್ಕೆ 30 ಧಾರಾಳ. ಫ್ರೇಮ್‌ಗೆ 33 ಮಿಲಿಸೆಕೆಂಡ್ ಸಿಗುತ್ತದೆ, ಅದರಲ್ಲಿ 20ನ್ನು ಲೋಡಿಂಗ್‌ಗೆ ಕೊಡಿ.

ನೇರನುಡಿ

ಹೀಗೆ ಹೇಳಿದರೆ ಸರಿ. ಆದರೆ 200 ಮಿಲಿಸೆಕೆಂಡಿನ ಹಿನ್ನೆಲೆ ಚಿತ್ರಕ್ಕೆ ಏನು ಮಾಡುತ್ತೀರಿ? ಒಂದು ಲೋಡ್ ಕರೆಯ ನಡುವೆ ಯೀಲ್ಡ್ ಹಾಕಲು ಆಗೋದಿಲ್ಲವಲ್ಲ. ಚಕ್ರ ಮೂರು ಸಲ ಎದ್ದು ಕಾಣುವ ಹಾಗೆ ತಡವರಿಸುತ್ತದೆ. ಅದಕ್ಕೇ ಥ್ರೆಡ್ ಅಂದಿದ್ದು.

ಬಣ್ಣದಡಬ್ಬಿ

ಚಿತ್ರವನ್ನೇ ತುಂಡು ಮಾಡಿ. ಎಷ್ಟು ದೊಡ್ಡದು ಅದು?

ಜಿಗಿಯುವಚುಕ್ಕಿ

4096 ಅಗಲ, 2048 ಎತ್ತರ. ಪಿಎನ್‌ಜಿ. ಫೈಲ್ 400 ಕೆಬಿ ಅಷ್ಟೇ ಇದೆ, ಅದಕ್ಕೇ ಹಗುರ ಅಂದುಕೊಂಡಿದ್ದೆ.

ಬಣ್ಣದಡಬ್ಬಿ

ಫೈಲ್ ಅಳತೆ ನೋಡಬೇಡಿ. ಬಿಚ್ಚಿದ ಮೇಲೆ ಪ್ರತಿ ಪಿಕ್ಸೆಲ್‌ಗೆ 4 ಬೈಟ್, 4096 ಗುಣಿಸು 2048 ಗುಣಿಸು 4, ಸರಿಯಾಗಿ 32 ಎಂಬಿ. ಮೂರಕ್ಕೆ 96 ಎಂಬಿ. ಬಣ್ಣ ಕಡಿಮೆ ಇದ್ದು, ಒಂದೇ ಬಣ್ಣದ ಆಕಾಶ ಜಾಸ್ತಿ ಇದ್ದರೆ ಪಿಎನ್‌ಜಿ ಚೆನ್ನಾಗಿ ಕುಗ್ಗುತ್ತದೆ. ಮೆಮೊರಿಗೆ ಬಂದಾಗ ಆಕಾಶದ ಒಂದೊಂದು ಚುಕ್ಕಿಗೂ ಜಾಗ ಬೇಕೇ ಬೇಕು.

512 ಗುಣಿಸು 512ರ ತುಂಡು ಮಾಡಿದರೆ ಅಗಲಕ್ಕೆ ಎಂಟು, ಎತ್ತರಕ್ಕೆ ನಾಲ್ಕು, ಒಟ್ಟು 32 ತುಂಡು, ಒಂದೊಂದು 1 ಎಂಬಿ. ನಿಮ್ಮ ಲೆಕ್ಕದಲ್ಲೇ ಒಂದಕ್ಕೆ ಆರೇಳು ಮಿಲಿಸೆಕೆಂಡ್ ಹಿಡಿಯಬಹುದು. ಅದನ್ನು ಜನರೇಟರ್ ಆರಾಮಾಗಿ ನುಂಗುತ್ತದೆ. ಪರದೆಯಲ್ಲಿ ಕಾಣದ ತುಂಡನ್ನು ಬರೆಯೋದೇ ಬೇಡ, ಅದೊಂದು ಲಾಭ. ಸ್ಟಾರ್ಟ್ ಆಗುವಾಗ ಕಾಣುವ ತುಂಡುಗಳನ್ನು ಮೊದಲು ಲೋಡ್ ಮಾಡಿ ಆಟ ಶುರು ಮಾಡಿ, ಉಳಿದದ್ದು ಆಡುತ್ತಾ ಇರುವಾಗ ಬರಲಿ.

ನಿಶಾಚರ60

ಅಸಿಂಕ್‌ಐಒ (ಹಲವು ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಪೈಥಾನ್ ಮಾಡ್ಯೂಲ್) ಬಳಸಿ ಗುರುಗಳೇ. ಇದಕ್ಕೇ ಅಂತ ಮಾಡಿರೋದಲ್ವಾ ಅದು?

ಹಳೇಕೀಲಿ

ಅಲ್ಲ. ಅಸಿಂಕ್ ಫಂಕ್ಷನ್ ಒಳಗೆ ಚಿತ್ರ ಲೋಡ್ ಮಾಡುವ ಸಾದಾ ಕರೆ ಹಾಕಿದರೆ ಅದು ಮುಗಿಯುವವರೆಗೂ ಇವೆಂಟ್ ಲೂಪ್ ಸಹ ನಿಲ್ಲುತ್ತದೆ. ಅವೇಟ್ ಇದ್ದ ಕಡೆ ಮಾತ್ರ ಅದು ಕೈ ಬಿಡುತ್ತದೆ. ಅಂದರೆ ಜನರೇಟರ್‌ನ ಯೀಲ್ಡ್ ಇದ್ದ ಹಾಗೇ ಆಯಿತು. ಪೈಥಾನ್ 3.9ರಿಂದ ಟು ಥ್ರೆಡ್ ಅಂತ ಒಂದಿದೆ, ಅದು ಒಳಗೆ ಥ್ರೆಡ್ಡನ್ನೇ ಬಳಸುತ್ತದೆ. ಒಂದು ಕಡೆ ಮಾತ್ರ ಅಸಿಂಕ್ ಬೇಕೇ ಬೇಕು. ಪೈಗ್‌ಬ್ಯಾಗ್ ಬಳಸಿ ಗೇಮನ್ನು ಬ್ರೌಸರ್‌ನಲ್ಲಿ ಓಡಿಸುವಾಗ. ಅಲ್ಲಿ ಪ್ರತಿ ಫ್ರೇಮ್‌ಗೆ ಅಸಿಂಕ್‌ಐಒ ಸ್ಲೀಪ್ ಸೊನ್ನೆ ಅವೇಟ್ ಮಾಡಲೇಬೇಕು, ಇಲ್ಲದಿದ್ದರೆ ಬ್ರೌಸರ್ ಟ್ಯಾಬೇ ನಿಂತು ಹೋಗುತ್ತದೆ.

ನಿಶಾಚರ60

ಸರಿ, ಗೊತ್ತಾಯಿತು. ನಾನು ಬ್ರೌಸರ್‌ಗೆ ಮಾಡುವಾಗ ಕಲಿತದ್ದು, ಅದಕ್ಕೇ ಎಲ್ಲ ಕಡೆಗೂ ಅದೇ ಅಂದುಕೊಂಡಿದ್ದೆ.

ನೇರನುಡಿ

ಈಗ ನನ್ನ ಮಾತಿಗೆ ಬರ್ತೀನಿ, ಯಾಕಂದರೆ ಇಲ್ಲಿ ಥ್ರೆಡ್ ಅಂದರೆ ಭೂತ ಅನ್ನೋ ಹಾಗೆ ಮಾತಾಡುತ್ತಿದ್ದಾರೆ. ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಇದೆ, ಆದ್ದರಿಂದ ಥ್ರೆಡ್ ಹಾಕಿ ಉಪಯೋಗ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಚಿತ್ರದ ವಿಷಯದಲ್ಲಿ ಅದು ಸುಳ್ಳು. ಪೈಗೇಮ್ ಚಿತ್ರದ ಫೈಲ್ ಓದಿ ಬಿಚ್ಚುವಾಗ ಜಿಐಎಲ್ ಬಿಟ್ಟುಕೊಡುತ್ತದೆ. ಆ 200 ಮಿಲಿಸೆಕೆಂಡ್ ಪೂರ್ತಿ ಇನ್ನೊಂದು ಕೋರ್‌ನಲ್ಲಿ ಓಡುತ್ತದೆ, ನಿಮ್ಮ ಲೂಪ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ.

ಚುಕ್ಕಿ ಅವರ ಗೇಮ್ ಬಿದ್ದದ್ದಕ್ಕೆ ಕಾರಣ ಬೇರೆ ಇರಬೇಕು. ಥ್ರೆಡ್ ಒಳಗೆ ಪರದೆಗೆ ಏನಾದರೂ ಬರೆದಿದ್ದೀರಾ? ಅಥವಾ ಇವೆಂಟ್ ಪಂಪ್ ಅಲ್ಲೇ ಉಳಿದುಕೊಂಡಿದೆಯಾ?

ಜಿಗಿಯುವಚುಕ್ಕಿ

ಹೌದು! ಫೈಲ್ ಆದ ಮೇಲೆ ಪಂಪ್ ಕರೆಯುವ ಸಾಲು ಹಾಗೇ ಇತ್ತು. ಪರದೆಗೆ ಲೋಡಿಂಗ್ ಪಟ್ಟಿ ಬರೆಯುವ ಕೋಡ್ ಸಹ ಥ್ರೆಡ್ ಒಳಗೇ ಇತ್ತು.

ನೇರನುಡಿ

ಅದೇ ಮತ್ತೆ. ಪರದೆ ತೆರೆದ ಥ್ರೆಡ್ ಯಾವುದೋ ಅದೇ ಇವೆಂಟ್ ನೋಡಬೇಕು, ಅದೇ ಪರದೆ ಮುಟ್ಟಬೇಕು. ಹಿನ್ನೆಲೆಯ ಥ್ರೆಡ್ ಫೈಲ್ ಬಿಚ್ಚಿ ಕ್ಯೂನಲ್ಲಿ (ಥ್ರೆಡ್‌ಗಳ ನಡುವೆ ವಸ್ತು ದಾಟಿಸುವ ಸಾಲು) ಇಡಲಿ, ಅಷ್ಟೇ ಅದರ ಕೆಲಸ. ಮುಖ್ಯ ಲೂಪ್ ಪ್ರತಿ ಫ್ರೇಮ್‌ನಲ್ಲಿ ಕಾಯದೆ ಕ್ಯೂನಿಂದ ಒಂದೆರಡು ತೆಗೆದು, ಕನ್ವರ್ಟ್ ಮಾಡಿ ಇಟ್ಟುಕೊಳ್ಳಲಿ. ಕ್ಯೂ ಖಾಲಿ ಇದ್ದರೆ ಎಂಪ್ಟಿ ಅಂತ ಎಕ್ಸೆಪ್ಷನ್ ಬರುತ್ತದೆ, ಅದನ್ನು ಹಿಡಿದು ಸುಮ್ನೆ ಮುಂದೆ ಹೋಗಿ.

ಮಿಂಚುಳ

ಕನ್ವರ್ಟ್ ಯಾಕೆ ಮಾಡಬೇಕು? ನಾನು ಇಲ್ಲಿಯವರೆಗೆ ಮಾಡೇ ಇಲ್ಲ, ಚಿತ್ರ ಚೆನ್ನಾಗೇ ಕಾಣುತ್ತದೆ.

ಬಣ್ಣದಡಬ್ಬಿ

ಕಾಣುತ್ತದೆ, ಆದರೆ ನಿಧಾನ. ಫೈಲ್‌ನಲ್ಲಿರುವ ಪಿಕ್ಸೆಲ್ ಜೋಡಣೆ ಒಂದು ಬಗೆ, ಪರದೆಯದ್ದು ಇನ್ನೊಂದು ಬಗೆ ಇರಬಹುದು. ಕನ್ವರ್ಟ್ ಮಾಡದಿದ್ದರೆ ಪ್ರತಿ ಸಲ ಬರೆಯುವಾಗಲೂ ಅದು ಬದಲಿಸಿಕೊಂಡೇ ಬರೆಯಬೇಕು. ಒಮ್ಮೆ ಮಾಡಿ ಇಟ್ಟರೆ ಮುಗೀತು. ಪಾರದರ್ಶಕ ಚಿತ್ರಕ್ಕೆ ಕನ್ವರ್ಟ್ ಆಲ್ಫಾ, ಉಳಿದದ್ದಕ್ಕೆ ಸಾದಾ ಕನ್ವರ್ಟ್. ಪರದೆ ತೆರೆದ ಮೇಲೆಯೇ ಮಾಡಬೇಕು, ಇಲ್ಲದಿದ್ದರೆ ತಪ್ಪು ತೋರಿಸುತ್ತದೆ.

ಹಳೇಕೀಲಿ

ನೇರನುಡಿ ಅವರು ಚಿತ್ರದ ಬಗ್ಗೆ ಹೇಳಿದ್ದು ಪೂರ್ತಿ ಸರಿ. ಆದರೆ ಚುಕ್ಕಿ ಅವರು "ಒಂದು ಸೆಕೆಂಡ್ ಹಾಗೇ ನಿಲ್ಲುತ್ತದೆ" ಅಂದರಲ್ಲ, ಅದು ಎಲ್ಲಿಂದ ಬಂತು ನೋಡಿ. ಜೇಸನ್ ಓದಲು 0.9 ಸೆಕೆಂಡ್. ಎರಡೂ ಒಂದೇ.

ಜೇಸನ್ ಮಾಡ್ಯೂಲ್‌ನ ಒಳಗಿನ ಓದುವ ಕೆಲಸ ಸಿ ಕೋಡ್‌ನಲ್ಲಿದೆ. ಅದು ಶುರು ಆದರೆ ಕೊನೆಯವರೆಗೂ ಜಿಐಎಲ್ ಬಿಡೋದಿಲ್ಲ, ಯಾಕಂದರೆ ಅದು ಸಾಲು ಸಾಲಾಗಿ ಪೈಥಾನ್ ವಸ್ತುಗಳನ್ನು ಕಟ್ಟುತ್ತಿರುತ್ತದೆ. ಥ್ರೆಡ್‌ನಲ್ಲಿ ಹಾಕಿದರೂ ಅಷ್ಟೇ, ಮುಖ್ಯ ಲೂಪ್ ಬಾಗಿಲ ಹೊರಗೆ ಕಾಯುತ್ತಾ ನಿಂತಿರುತ್ತದೆ. ಅದು "ಹಿನ್ನೆಲೆಯಲ್ಲಿ" ಓಡುತ್ತಿದೆ ಅನ್ನೋದು ಹೆಸರಿಗೆ ಮಾತ್ರ. ದೊಡ್ಡ ಪಿಕಲ್ ಫೈಲ್ (ಪೈಥಾನ್ ವಸ್ತುಗಳನ್ನು ಬೈಟ್‌ಗಳಾಗಿ ಉಳಿಸಿದ್ದು) ಓದುವಾಗಲೂ ಇದೇ ಕಥೆ.

ಚೌಕ ಕಟ್ಟುವ 1.4 ಸೆಕೆಂಡ್ ಇದೆಯಲ್ಲ, ಅದು ಇನ್ನೊಂದು ಥರ. ಅದು ಶುದ್ಧ ಪೈಥಾನ್ ಕೋಡ್. ಅಲ್ಲಿ ಥ್ರೆಡ್‌ಗಳು ಸರದಿ ಬದಲಿಸಿಕೊಳ್ಳುತ್ತವೆ, ಆದರೆ ಒಂದು ಸರದಿ 5 ಮಿಲಿಸೆಕೆಂಡ್, ಅದು ಪೈಥಾನ್‌ನಲ್ಲಿ ನಾವು ಬದಲಿಸದಿದ್ದರೆ ಇರುವ ಹೊಂದಿಕೆ. ಮುಖ್ಯ ಲೂಪ್ ಒಂದು ಫ್ರೇಮ್‌ನಲ್ಲಿ ಮೂರು ನಾಲ್ಕು ಸಲ ಜಿಐಎಲ್ ಬಿಟ್ಟು ಮತ್ತೆ ಕೇಳಿದರೆ, ಪ್ರತಿ ಸಲವೂ 5 ಮಿಲಿಸೆಕೆಂಡ್ ಕಾಯಬೇಕಾಗಬಹುದು. 15-20 ಮಿಲಿಸೆಕೆಂಡ್ ಅಲ್ಲೇ ಹೋಯಿತು. ಫ್ರೇಮ್ ಕೈತಪ್ಪಿತು. ಆದ್ದರಿಂದ ಚಿತ್ರಕ್ಕೆ ಥ್ರೆಡ್ ಒಳ್ಳೆಯದು, ಪೈಥಾನ್ ಲೆಕ್ಕಾಚಾರಕ್ಕೆ ಜನರೇಟರ್ ಒಳ್ಳೆಯದು.

ನೇರನುಡಿ

ಜೇಸನ್ ವಿಷಯ ನನಗೆ ಹೊಳೆದಿರಲಿಲ್ಲ. ಈಗಲೇ ಒಂದು ಚಿಕ್ಕ ಪರೀಕ್ಷೆ ಮಾಡಿದೆ: ಥ್ರೆಡ್‌ನಲ್ಲಿ ಒಂದು ದೊಡ್ಡ ಜೇಸನ್, ಮುಖ್ಯ ಲೂಪ್‌ನಲ್ಲಿ ಒಂದು ಚುಕ್ಕಿ ಓಡಾಡುತ್ತಿರುತ್ತದೆ. ಚುಕ್ಕಿ ನಿಂತೇಬಿಟ್ಟಿತು. ಒಪ್ಪಿದೆ.

ಗುಂಡಿಒತ್ತು

ಮಲ್ಟಿಪ್ರೊಸೆಸಿಂಗ್ (ಕೆಲಸವನ್ನು ಬೇರೆಯೇ ಪೈಥಾನ್ ಪ್ರೊಸೆಸ್‌ನಲ್ಲಿ ಓಡಿಸೋದು) ಹಾಕಿದರೆ ಜಿಐಎಲ್ ಗೋಳೇ ಇಲ್ಲವಲ್ಲ?

ಲೂಪಿನಾಚೆ

ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಗುತ್ತದೆ. ಪೈಗೇಮ್‌ನ ಸರ್ಫೇಸ್ (ಮೆಮೊರಿಯಲ್ಲಿರುವ ಚಿತ್ರ) ಅನ್ನು ಪಿಕಲ್ ಮಾಡಲು ಬರೋದಿಲ್ಲ. ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಕಳಿಸಬೇಕಾದರೆ ಅದನ್ನು ಬೈಟ್‌ಗಳಾಗಿ ಮಾಡಿ, ಕಳಿಸಿ, ಅಲ್ಲಿ ಮತ್ತೆ ಚಿತ್ರ ಕಟ್ಟಬೇಕು. ಜೇಸನ್‌ನಿಂದ ಬಂದ ಡಿಕ್ಷನರಿಯನ್ನು ಕಳಿಸಿದರೂ ಈ ಕಡೆ ಪಿಕಲ್ ಬಿಚ್ಚುವಾಗ ಮತ್ತೆ ಅದೇ ನಿಲುಗಡೆ. ವಿಂಡೋಸ್‌ನಲ್ಲಿ ಹೊಸ ಪ್ರೊಸೆಸ್ ಅಂದರೆ ಪೈಥಾನ್ ಮೊದಲಿನಿಂದ ಶುರುವಾಗಿ ನಿಮ್ಮ ಫೈಲನ್ನು ಮತ್ತೆ ಇಂಪೋರ್ಟ್ ಮಾಡುತ್ತದೆ. ಮೇನ್ ಕಾವಲು ಸಾಲು (ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ಗೇಮ್ ಶುರು ಮಾಡುವ ಷರತ್ತು) ಹಾಕದಿದ್ದರೆ ಇನ್ನೊಂದು ಗೇಮ್ ಕಿಟಕಿ ತೆರೆದುಕೊಳ್ಳಲು ಹೋಗುತ್ತದೆ. ಹಂತದ ನಕ್ಷೆಯನ್ನು ಲೆಕ್ಕ ಹಾಕಿ ಹುಟ್ಟಿಸುವಂಥ ಭಾರಿ ಕೆಲಸ ಇದ್ದರೆ ಸರಿ, ಫೈಲ್ ಓದೋದಕ್ಕೆ ಬೇಡ.

ನಿಶಾಚರ60

ಜಿಐಎಲ್ ಇಲ್ಲದ ಪೈಥಾನ್ ಬಂದಿದೆಯಲ್ಲ, 3.13ರಲ್ಲಿ?

ಹಳೇಕೀಲಿ

2024ರ ಅಕ್ಟೋಬರ್‌ನಲ್ಲಿ ಪ್ರಯೋಗಕ್ಕೆ ಅಂತ ಬಂತು, ಅದೂ ಬೇರೆ ಬಿಲ್ಡ್. ನಿಮ್ಮ ಗೇಮ್ ಇಳಿಸಿಕೊಂಡವರ ಹತ್ತಿರ ಇರೋದು ಸಾದಾ ಪೈಥಾನ್. ಅದನ್ನು ನಂಬಿ ವಿನ್ಯಾಸ ಮಾಡಬೇಡಿ.

ಜಿಗಿಯುವಚುಕ್ಕಿ

ಹಾಗಾದರೆ ಜೇಸನ್‌ಗೆ ಏನು ಮಾಡಲಿ? ನಕ್ಷೆ 1000 ಚೌಕ ಅಗಲ, 200 ಎತ್ತರ. ಪ್ರತಿ ಚೌಕಕ್ಕೂ ಬಗೆ, ಘರ್ಷಣೆ, ಚಿತ್ರದ ಹೆಸರು, ಸದ್ದಿನ ಹೆಸರು ಎಲ್ಲ ಬರೆದಿದ್ದೇನೆ.

ಲೂಪಿನಾಚೆ

ಎರಡು ಲಕ್ಷ ಚೌಕಕ್ಕೆ ಎರಡು ಲಕ್ಷ ವಸ್ತು! ನಿಮ್ಮ 1.4 ಸೆಕೆಂಡ್ ಅಲ್ಲಿದೆ. ನಿಜವಾಗಿ ಎಷ್ಟು ಬಗೆಯ ಚೌಕ ಇವೆ?

ಜಿಗಿಯುವಚುಕ್ಕಿ

ಎಣಿಸಿದೆ. 38.

ಲೂಪಿನಾಚೆ

ಹಾಗಾದರೆ 38 ವಸ್ತು ಸಾಕು. ನಕ್ಷೆಯಲ್ಲಿ ಬರೀ ಸಂಖ್ಯೆ ಇಡಿ. ಸಂಖ್ಯೆ 7 ಅಂದರೆ ಹುಲ್ಲು, 12 ಅಂದರೆ ಮುಳ್ಳು, ಹೀಗೆ. ಒಂದು ಚೌಕಕ್ಕೆ 2 ಬೈಟ್ ಕೊಟ್ಟರೆ ಇಡೀ ನಕ್ಷೆ 4 ಲಕ್ಷ ಬೈಟ್. ಅರೇ ಮಾಡ್ಯೂಲ್ ಅದನ್ನು ಫೈಲ್‌ನಿಂದ ಒಂದೇ ಗುಟುಕಿಗೆ ಓದಿಕೊಳ್ಳುತ್ತದೆ. ನೀವು ನಕ್ಷೆ ತಿದ್ದುವಾಗ ಜೇಸನ್ನೇ ಇರಲಿ. ಗೇಮ್ ಕಟ್ಟುವಾಗ ಒಂದು ಚಿಕ್ಕ ಸ್ಕ್ರಿಪ್ಟ್ ಅದನ್ನು ಸಂಖ್ಯೆಯ ಫೈಲ್ ಮಾಡಿ ಕೊಡಲಿ. ಆಟಗಾರನ ಕಂಪ್ಯೂಟರ್‌ನಲ್ಲಿ ಪ್ರತಿ ಸಲ ಮಾಡಬೇಕಾದ ಕೆಲಸವನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಒಂದೇ ಸಲ ಮುಗಿಸಿದ ಹಾಗೆ.

ಗುಂಡಿಒತ್ತು

ಸ್ವಲ್ಪ ವಿಷಯ ಬಿಟ್ಟು ಹೋಗುತ್ತೇನೆ. ಲೋಡಿಂಗ್ ಪರದೆಯಲ್ಲಿ ಚಿಕ್ಕ ಆಟ ಇಡೋದಕ್ಕೆ ಒಂದು ಕಾಲದಲ್ಲಿ ಪೇಟೆಂಟ್ ಇತ್ತು, ಗೊತ್ತಾ? ನಾಮ್ಕೋ ಕಂಪನಿಯದ್ದು. ಅವರ ರಿಡ್ಜ್ ರೇಸರ್ ಪ್ಲೇಸ್ಟೇಷನ್‌ನಲ್ಲಿ ಲೋಡ್ ಆಗುವಾಗ ಗೆಲಾಕ್ಸಿಯನ್ ಆಡಬಹುದಿತ್ತು. ಆ ಪೇಟೆಂಟ್ ಮುಗಿದದ್ದು 2015ರಲ್ಲಿ. ಅಷ್ಟು ವರ್ಷ ಉಳಿದವರು ಹೆಚ್ಚಾಗಿ ಲೋಡಿಂಗ್ ಪಟ್ಟಿ ತೋರಿಸಿಕೊಂಡೇ ಇದ್ದರು.

ಬಣ್ಣದಡಬ್ಬಿ

ನನಗೆ 1996ರ ರೆಸಿಡೆಂಟ್ ಈವಿಲ್‌ನ ಬಾಗಿಲು ನೆನಪಿಗೆ ಬರುತ್ತದೆ. ಕೋಣೆ ಬದಲಾದಾಗಲೆಲ್ಲ ಕತ್ತಲಲ್ಲಿ ಬಾಗಿಲು ನಿಧಾನಕ್ಕೆ ತೆರೆಯುತ್ತದೆ. ಮುಂದಿನ ಕೋಣೆ ಲೋಡ್ ಆಗುವುದನ್ನು ಮುಚ್ಚಲು ಇಟ್ಟದ್ದು, ಆದರೆ ಆ ಕಾಯುವಿಕೆಯೇ ಎದೆ ಢವಗುಟ್ಟಿಸುತ್ತಿತ್ತು.

ಮಿಂಚುಳ

ಅಯ್ಯೋ, ನಾನು ಅದನ್ನು ಹೆದರಿಸೋದಕ್ಕೇ ಇಟ್ಟದ್ದು ಅಂದುಕೊಂಡಿದ್ದೆ!

ಒಂದು ಪ್ರಶ್ನೆ. ನನ್ನ ಲೋಡಿಂಗ್ ಪಟ್ಟಿ ಶೇಕಡಾ 90ರವರೆಗೆ ಸರ್ರನೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಫೈಲ್ ಎಣಿಸಿಯೇ ತೋರಿಸುತ್ತಿದ್ದೇನೆ.

ಬಣ್ಣದಡಬ್ಬಿ

ದೊಡ್ಡ ಫೈಲ್‌ಗಳು ಕೊನೆಯಲ್ಲಿವೆ, ಅದಕ್ಕೆ. ಒಂದೊಂದು ಫೈಲ್‌ಗೂ ತೂಕ ಕೊಡಿ. ಚಿತ್ರಕ್ಕೆ ಅಗಲ ಗುಣಿಸು ಎತ್ತರ ಹಾಕಿದರೆ ಫೈಲ್ ಅಳತೆಗಿಂತ ಚೆನ್ನಾಗಿ ಹೊಂದುತ್ತದೆ. ಇನ್ನೂ ಸುಲಭ ಅಂದರೆ, ನಿಮ್ಮ ಕಂಪ್ಯೂಟರ್‌ನಲ್ಲಿ ಒಮ್ಮೆ ಪ್ರತಿ ಫೈಲ್ ಎಷ್ಟು ಮಿಲಿಸೆಕೆಂಡ್ ತಗೊಂಡಿತು ಅಂತ ಬರೆದಿಟ್ಟು ಅದನ್ನೇ ತೂಕ ಮಾಡಿ. ಬೇರೆ ಕಂಪ್ಯೂಟರ್ ನಿಧಾನ ಇರಬಹುದು, ಫೈಲ್‌ಗಳ ನಡುವಿನ ಪಾಲು ಹೆಚ್ಚುಕಮ್ಮಿ ಅದೇ ಇರುತ್ತದೆ.

ನಿಶಾಚರ60

ಚುಕ್ಕಿ ಅವರಿಗೆ ಒಂದು ಎಚ್ಚರಿಕೆ, ನಾನು ಎರಡು ದಿನ ಒದ್ದಾಡಿದ ವಿಷಯ. ಲೋಡಿಂಗ್ ಮುಗಿದ ಮೊದಲ ಫ್ರೇಮ್‌ನಲ್ಲಿ ನನ್ನ ನಾಯಕ ನೆಲದೊಳಗೆ ಇಳಿದು ಮಾಯವಾಗುತ್ತಿದ್ದ. ಡಿಕ್ಕಿ ನೋಡುವ ಕೋಡನ್ನು ಸಾಲು ಸಾಲಾಗಿ ಓದಿದೆ, ಅದರಲ್ಲಿ ತಪ್ಪೇ ಇಲ್ಲ. ಕೊನೆಗೆ ಗೊತ್ತಾಯಿತು: ಲೋಡಿಂಗ್‌ಗೆ 3 ಸೆಕೆಂಡ್ ಹಿಡಿದಿತ್ತು, ಆ ಪೂರ್ತಿ 3 ಸೆಕೆಂಡ್ ಕ್ಲಾಕ್ ಟಿಕ್‌ನಿಂದ (ಹಿಂದಿನ ಕರೆಯಿಂದ ಎಷ್ಟು ಹೊತ್ತಾಯಿತು ಅಂತ ಹೇಳುವ, ಫ್ರೇಮ್ ವೇಗ ಮೀರದ ಹಾಗೆ ಕಾಯುವ ಪೈಗೇಮ್ ಕರೆ) ಒಂದೇ ಫ್ರೇಮ್‌ನ ಅಂತರ ಅಂತ ಬಂತು. 3 ಸೆಕೆಂಡ್ ಬಿದ್ದವನು ನೆಲ ದಾಟಿ ಎಲ್ಲೋ ಕೆಳಗೆ ಹೋಗಿರುತ್ತಾನೆ. ಲೋಡ್ ಮುಗಿದ ಮೇಲೆ ಒಮ್ಮೆ ಟಿಕ್ ಕರೆದು ಆ ಉತ್ತರ ಬಿಸಾಡಿ. ಯಾವತ್ತೂ ಅಂತರ 50 ಮಿಲಿಸೆಕೆಂಡ್ ಮೀರದ ಹಾಗೆ ಕತ್ತರಿಸಿಯೂ ಇಡಿ.

ಹಳೇಕೀಲಿ

ಇದು ಎಲ್ಲರೂ ಬರೆದಿಟ್ಟುಕೊಳ್ಳಬೇಕಾದ ಮಾತು. ಕ್ಲಾಕ್ ಟಿಕ್ ಬಗ್ಗೆಯೇ ಇನ್ನೊಂದು: ಥ್ರೆಡ್ ಬಳಸುವವರು ಲೋಡಿಂಗ್ ಲೂಪ್‌ನಲ್ಲಿ ಟಿಕ್ ಮರೆಯಬೇಡಿ. ಟಿಕ್ ನಿದ್ದೆ ಮಾಡುವಾಗ ಜಿಐಎಲ್ ಬಿಡುತ್ತದೆ, ಆಗ ಹಿನ್ನೆಲೆಯ ಥ್ರೆಡ್‌ಗೆ ಜಾಗ ಸಿಗುತ್ತದೆ. ಟಿಕ್ ಇಲ್ಲದೆ ಲೂಪ್ ಬಿಡುವಿಲ್ಲದೆ ಸುತ್ತಿದರೆ ಎರಡೂ ಕಿತ್ತಾಡುತ್ತಾ ಕೂರುತ್ತವೆ.

ಜಿಗಿಯುವಚುಕ್ಕಿ

ಮೂರು ದಿನ ಆಯಿತು, ಈಗಷ್ಟೇ ಮುಗಿಸಿದೆ. ನಕ್ಷೆಯನ್ನು ಸಂಖ್ಯೆ ಮಾಡಿದೆ, ಜೇಸನ್ ಮತ್ತು ಚೌಕ ಕಟ್ಟುವ ಕೆಲಸ ಎರಡೂ ಸೇರಿ 2.3 ಸೆಕೆಂಡ್ ಇದ್ದದ್ದು ಈಗ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹಿನ್ನೆಲೆಯನ್ನು ತುಂಡು ಮಾಡಿದೆ. ಉಳಿದದ್ದು 1.1 ಸೆಕೆಂಡಿನ ಕೆಲಸ, ಅದನ್ನು ಜನರೇಟರ್‌ಗೆ ಕೊಟ್ಟೆ, 30 ಫ್ರೇಮ್, ಫ್ರೇಮ್‌ಗೆ 20 ಮಿಲಿಸೆಕೆಂಡ್. ಹಂತ ಬದಲಾಗಲು ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಥ್ರೆಡ್ ಬೇಕಾಗಲೇ ಇಲ್ಲ.

ಚಕ್ರ ತಿರುಗುತ್ತಿದೆ! ತಂಗಿಯನ್ನು ಕರೆದು ತೋರಿಸಿದೆ. ಅವಳು ನೋಡಿ, ಏಳನೇ ಫ್ರೇಮ್‌ನಲ್ಲಿ ಒಂದು ಹಲ್ಲು ಬಿಟ್ಟು ಹೋಗಿದೆ, ಸರಿ ಮಾಡಿ ಕೊಡ್ತೀನಿ ಅಂತ ಕೂತಿದ್ದಾಳೆ. ಇಷ್ಟು ದಿನ ಆ ಫ್ರೇಮ್ ಯಾರೂ ನೋಡಿರಲಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಲೋಡ್ ಆಗುತ್ತಿರುವಾಗ ಎಸ್ಕೇಪ್ ಒತ್ತಿದರೆ ಮೆನುಗೆ ವಾಪಸ್ ಹೋಗಬೇಕು. ಅರ್ಧ ಲೋಡ್ ಆದದ್ದನ್ನು ಏನು ಮಾಡಲಿ?

ಲೂಪಿನಾಚೆ

ಜನರೇಟರ್ ಮೇಲೆ ಕ್ಲೋಸ್ ಕರೆಯಿರಿ. ಅದು ನಿಂತ ಯೀಲ್ಡ್ ಹತ್ತಿರವೇ ಮುಗಿದು ಹೋಗುತ್ತದೆ, ಫೈನಲಿ ಭಾಗ ಇದ್ದರೆ ಅದನ್ನು ಓಡಿಸಿಯೇ ಮುಗಿಯುತ್ತದೆ. ತೆರೆದ ಫೈಲ್ ಮುಚ್ಚುವುದು, ಅರ್ಧ ತುಂಬಿದ ಡಿಕ್ಷನರಿ ಖಾಲಿ ಮಾಡುವುದು ಅಲ್ಲಿ ಬರೆಯಿರಿ.

ನೇರನುಡಿ

ಇದೊಂದರಲ್ಲಿ ಜನರೇಟರ್ ಗೆದ್ದಿತು. ಥ್ರೆಡ್ ಆಗಿದ್ದರೆ ಹೊರಗಿನಿಂದ ಕೊಲ್ಲಲು ಆಗೋದಿಲ್ಲ, ಒಂದು ಇವೆಂಟ್ ಬಾವುಟ ಇಟ್ಟು, ಪ್ರತಿ ಫೈಲ್ ಆದ ಮೇಲೆ ಅದು ತಾನೇ ನೋಡಿಕೊಂಡು ನಿಲ್ಲಬೇಕು.

ಜಿಗಿಯುವಚುಕ್ಕಿ

ಕ್ಲೋಸ್ ಹಾಕಿದೆ. ಎಸ್ಕೇಪ್ ಒತ್ತಿದ ಮುಂದಿನ ಫ್ರೇಮ್‌ನಲ್ಲೇ ಮೆನು ಬಂತು.